ಬರಿಗೈಯ ಎಳೆ

ನನ್ನ ಬಲಗೈ ಕಂಡವರು ಮೊದಲು ಕಿರುಬೆರಳು ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ "ಅಯ್ಯೋ ಪಾಪ" ಅನ್ನುತ್ತಾರೆ. ಈ ಪಾಪ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಿರುಬೆರಳು ಬಗ್ಗಿದೆ, ಉಂಗುರದ ಬೆರಳೂ ಅದರ ಜೊತೆ ಅಷ್ಟಿಷ್ಟು ಬಗ್ಗಿದೆ, ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಇಳಿದು ತಗ್ಗು ಬಿದ್ದಿದೆ. ಬೀಳಲಿ. ಈ ಕೈ ಏನು ಮಾಡಿದೆ ಅಂತ ಗೊತ್ತಿದ್ದರೆ ಯಾರೂ ಪಾಪ ಅನ್ನುತ್ತಿರಲಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ. ಜಂಭ ಅಂದುಕೊಂಡರೆ ಅಂದುಕೊಳ್ಳಿ, ಜಂಭವೇ.

ನನ್ನ ತವರು ಸೊರಬದ ಪಕ್ಕದ ಒಂದು ಹಳ್ಳಿ. ಭತ್ತ ಹೊಡೆ ಕಟ್ಟಿ ನಿಂತಾಗ ನಮ್ಮಲ್ಲಿ ಭೂಮಿ ಹುಣ್ಣಿಮೆ ಬರುತ್ತದೆ. ಆಗ ಭೂಮಿ ಬಸುರಿ. ಬಸುರಿಗೆ ಬಯಕೆಯ ಅಡುಗೆ ಮಾಡಿ ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ಯುತ್ತೇವೆ. ಆ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುವುದು ಹೆಂಗಸರ ಕೆಲಸ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನದು. ನಮ್ಮವ್ವ ಆ ಕೆಲಸದಲ್ಲಿ ಸುತ್ತ ನಾಲ್ಕು ಊರಿಗೆ ಹೆಸರಾದವಳು. ಅವಳದು ಎರಡೇ ಕಾನೂನು. ಎಳೆ ಶುರು ಮಾಡಿದ ಮೇಲೆ ತುದಿ ಮುಟ್ಟುವವರೆಗೆ ಕುಂಚ ಎತ್ತಬಾರದು. ತಪ್ಪಿದರೆ ಒರೆಸಬಾರದು. "ಬಸುರಿಗೆ ಉಡಿಸೋ ಸೀರೇನ ಯಾರಾದ್ರೂ ಒರೆಸ್ತಾರೇನೇ? ತಪ್ಪಿದ್ರೆ ತಪ್ಪಿದ್ದನ್ನೇ ಹಿಡ್ಕಂಡು ಮುಂದಕ್ಕೆ ಎಳಿ" ಎನ್ನುತ್ತಿದ್ದಳು. ಹೊಗಳುವುದು ಅವಳ ಜಾಯಮಾನದಲ್ಲೇ ಇಲ್ಲ. ತುಂಬ ಚೆನ್ನಾಗಿ ಬಂದಿದ್ದರೆ ಬುಟ್ಟಿಯನ್ನು ಒಂದು ಸುತ್ತು ತಿರುಗಿಸಿ, "ಹೂಂ, ಎಳೆ ಎದ್ದಿಲ್ಲ" ಅನ್ನುವಳು, ಅಂದರೆ ನಡುವೆ ಎಲ್ಲೂ ಕುಂಚ ಎತ್ತಿದ ಗುರುತಿಲ್ಲ ಅಂತ. ಆ ಮಾತಿಗಾಗಿ ನಾನು ಹತ್ತು ವರ್ಷ ಬೆನ್ನು ಬಗ್ಗಿಸಿ ಕೂತಿದ್ದೇನೆ. ಮದುವೆಯ ಹಿಂದಿನ ವರ್ಷ ಸಿಕ್ಕಿತು.

ಮದುವೆಯಾಗಿ ಬಂದದ್ದು ಶಿಕಾರಿಪುರದ ಕಡೆಗೆ. ಅಂಬ್ಲಿಗೊಳದ ಕಾಲುವೆ ನೀರು ಬರುವ ಗದ್ದೆ, ನನಗೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸ. ಇಲ್ಲಿ ಅದೇ ಹಬ್ಬಕ್ಕೆ ಸೀಗಿ ಹುಣ್ಣಿಮಿ ಅಂತಾರೆ. ಮೊದಲ ವರ್ಷ ನೋಡಿದರೆ ಬುಟ್ಟಿ ಬೋಳು! ಮೇಲೊಂದು ಟವೆಲ್ ಮುಚ್ಚಿ ಹೊರಟೇಬಿಟ್ಟಿದ್ದರು. "ಅತ್ತೆ, ಚಿತ್ತಾರ ಇಲ್ವಾ?" ಅಂದೆ. "ನಮ್ ಕಡಿ ಬುಟ್ಟಿಗೆ ಬಣ್ಣ ಬಳಿಯಲ್ಲವ್ವಾ, ಬುಟ್ಟಿ ಒಳಗಿಂದು ರುಚಿ ಇದ್ರ ಸಾಕು" ಅಂದರು ನಮ್ಮತ್ತೆ. ನಾನು ಬಿಡುತ್ತೇನೆಯೇ? ಮರುವರ್ಷ ತವರಿನಿಂದ ಪುಂಡಿ ನಾರು ತರಿಸಿ ಬರೆದೆ. ಬುಟ್ಟಿಯ ಸುತ್ತ ಜೋಗಿ ಜಡೆ, ಏಣಿ, ಭತ್ತದ ತೆನೆ. ಅತ್ತೆ ನನ್ನೆದುರು ಒಂದು ಮಾತಾಡಲಿಲ್ಲ. ಆದರೆ ಗದ್ದೆಗೆ ಹೋಗುವ ದಾರಿಯಲ್ಲಿ ಕಂಡಕಂಡವರಿಗೆಲ್ಲ, "ನಮ್ ಸೊಸಿ ಬರ್ದದ್ದು. ಸೊರಬದಾಕಿ. ನಿಮ್ಮನ್ಯಾಗ ಐತೇನ ಇಂಥದ್ದು?" ಎನ್ನುತ್ತ ಹೋದದ್ದು ನನ್ನ ಕಿವಿಗೆ ಬಿತ್ತು. ಅಲ್ಲಿಂದಾಚೆ ಪ್ರತಿ ವರ್ಷ ಆ ಬುಟ್ಟಿ ನನ್ನದೇ.

ನಮ್ಮತ್ತೆಯದು ದೊಡ್ಡ ಗಂಟಲು, ದೊಡ್ಡ ಮನಸ್ಸು, ಆದರೆ ಒಂದೇ ಒಂದು ಭಯ. ನಾನು ಆ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಅತ್ತೆಯದು ಬಳೆಯಿಲ್ಲದ ಬರಿಗೈ. ಹಾಗಾಗಿಯೋ ಏನೋ, ನಾನು ಶಾಲೆಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು "ಕೈ ತೋರ್ಸು" ಅನ್ನುವರು. ಬಳೆ ಎರಡು ಕಡಿಮೆ ಇದ್ದರೆ ಒಳಗೆ ಹೋಗಿ ತೊಟ್ಟೇ ಬರಬೇಕು. ನನಗೆ ರೇಗುತ್ತಿತ್ತು. ಒಂದೆರಡು ಸಲ ಜೋರಾಗಿಯೇ ಮಾತಾಡಿದ್ದೇನೆ.

ನಾದಿನಿಯ ಮದುವೆ ಬಂತು. ಹೆಣ್ಣು ಕೊಡುವ ಅಪ್ಪ ಇಲ್ಲ, ಹಾಗಾಗಿ ಧಾರೆ ಎರೆಯುವವರು ಅಣ್ಣ ಅತ್ತಿಗೆ, ಅಂದರೆ ನಮ್ಮನೆಯವರು ಮತ್ತು ನಾನು. ಹಿಂದಿನ ದಿನ ಈಸೂರು ಕಡೆಯಿಂದ ಬಳೆಗಾರ್ತಿ ಬಂದು ಜಗಲಿಯಲ್ಲಿ ಕೂತು ಎಲ್ಲರಿಗೂ ಹಸಿರು ಗಾಜಿನ ಬಳೆ ತೊಡಿಸಿದಳು. ನನಗೆ ಒಂದೊಂದು ಕೈಗೆ ಒಂದೊಂದು ಡಜನ್. ಅದಾಗಿ ಒಂದು ಗಂಟೆಯೂ ಆಗಿರಲಿಲ್ಲ, ಅಟ್ಟದಿಂದ ಹಿತ್ತಾಳೆ ಕೊಳಗ ಇಳಿಸಲು ಹೋಗಿ ಏಣಿಯ ಕೆಳಗಿನ ಮೆಟ್ಟಿಲು ತಪ್ಪಿ ಬಲಗೈ ಊರಿ ಬಿದ್ದೆ. ಕೊಳಗ ಉಳಿಯಿತು. ಬಳೆಯ ಚೂರು ಮಣಿಕಟ್ಟಿನ ಒಳಬದಿಯಲ್ಲಿ, ಕಿರುಬೆರಳಿನ ಕಡೆಗೆ, ನೆಟ್ಟಗೆ ಇಳಿಯಿತು.

ರಕ್ತ ನೋಡಿ ಅತ್ತೆ ಓಡಿ ಬಂದರು. ಬಳೆ ಒಡೆಯಿತು ಅನ್ನಬಾರದು, "ಹೆಚ್ಚಿದುವು, ಹೆಚ್ಚಿದುವು, ಬಾಯಿ ಮುಚ್ಚು" ಅಂದರು. ಚೂರು ಕಿತ್ತು, ಅರಿಸಿನ ಒತ್ತಿ, ಹಳೇ ಸೀರೆಯ ಬಟ್ಟೆ ಬಿಗಿದು ಕಟ್ಟಿದರು. ಆಮೇಲೆ ನನ್ನನ್ನು ಎಳೆದುಕೊಂಡು ಹೋಗಿ ಬಳೆಗಾರ್ತಿಯ ಮುಂದೆ ಕೂರಿಸಿದರು. "ತೊಡ್ಸು. ನಾಳಿ ಧಾರಿ ಎರಿಯೋ ಕೈ ಬರಿಗೈ ಆಗಬಾರ್ದು." ಬಳೆಗಾರ್ತಿ ನನ್ನ ಮುಖ ನೋಡಿ, "ಬ್ಯಾಡ್ರವ್ವಾ, ಡಾಕ್ಟರಿಗೆ ತೋರ್ಸ್ಕಂಡ್ ಬರ್ರಿ, ಬಳಿ ಎಲ್ಲಿಗೂ ಓಡಿ ಹೋಗಲ್ಲ" ಅಂದಳು.

ಆಗ ನಾನು ಮಾಡಿದ್ದು ನೋಡಿ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರ್ ನಾನು. ಗಾಯದ ಮೇಲೆ ಬಿಗಿಯಬಾರದು, ಗಾಜು ತಾಗಿದರೆ ಆಸ್ಪತ್ರೆಗೆ ಹೋಗಬೇಕು ಎಂದು ಪಾಠ ಮಾಡಿದವಳು. ಅಂಥವಳು ಕೈ ಚಾಚಿ, "ತೊಡಿಸ್ರೀ" ಅಂದೆ. ಮದುವೆಯ ಹಿಂದಿನ ದಿನ ಬಳೆ ಹೋಯಿತು ಅಂತ ಸುದ್ದಿಯಾದರೆ ನಾಳೆ ನಾದಿನಿಯ ಸಂಸಾರದಲ್ಲಿ ಏನು ಹೆಚ್ಚುಕಡಿಮೆಯಾದರೂ ಅದು ನನ್ನ ತಲೆಗೆ ಬರುತ್ತದೆ, ಅದೇ ಯೋಚನೆ. ಬಟ್ಟೆಯ ಮೇಲೆಯೇ ಸೋಪು ಸವರಿ ಹನ್ನೆರಡು ಬಳೆ ಏರಿಸಿದರು. ಮರುದಿನ ಧಾರೆಯ ಹೊತ್ತಿಗೆ ಚೊಂಬು ಕೈಯಿಂದ ಜಾರುವುದರಲ್ಲಿತ್ತು, ಪಕ್ಕದಲ್ಲಿದ್ದ ನಮ್ಮನೆಯವರು ಹಿಡಿದುಕೊಂಡರು. ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ.

ಗಾಯ ಮಾಯಿತು. ಚರ್ಮ ಕೂಡಿತು, ಅಷ್ಟೇ. ಕಿರುಬೆರಳು ಮಂದವಾಗಿತ್ತು, ಬಿಗಿದು ಕಟ್ಟಿದ್ದಕ್ಕೆ ಅಂದುಕೊಂಡೆ. ಶಾಲೆ ಶುರುವಾದ ಮೇಲೆ ಸೀಮೆಸುಣ್ಣ ಜಾರತೊಡಗಿತು. ಬೋರ್ಡಿನ ಮೇಲೆ ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಅಂತ ಇನ್ಸ್‌ಪೆಕ್ಟರೇ ಹೇಳಿದ್ದರು; ಈಗ ಮಕ್ಕಳು, "ಟೀಚರ್, ಅದು ನ ನಾ, ಸ ನಾ?" ಎನ್ನತೊಡಗಿದರು. ಒಂದು ಬೆಳಗ್ಗೆ ರೊಟ್ಟಿ ಬೇಯಿಸುತ್ತಿದ್ದೆ. ಸುಟ್ಟ ವಾಸನೆ ಬಂತು. ರೊಟ್ಟಿ ಮಗುಚಿ ನೋಡಿದೆ, ರೊಟ್ಟಿ ಸರಿಯಾಗಿದೆ. ಮತ್ತೆ ನೋಡಿದರೆ ಸುಡುತ್ತಿದ್ದದ್ದು ಹಂಚಿಗೆ ತಾಗಿದ್ದ ನನ್ನ ಕಿರುಬೆರಳು. ಒಂದಿಷ್ಟೂ ನೋವಿಲ್ಲ. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಆದರೂ ಸುಮ್ಮನಿದ್ದೆ. ವಾಯು ಅಂದರು, ಎಣ್ಣೆ ತಿಕ್ಕಿದೆ. ದೃಷ್ಟಿ ಅಂದರು, ಮೆಣಸಿನಕಾಯಿ ನೀವಳಿಸಿದೆ. ಬೆರಳೆರಡೂ ನಿಧಾನಕ್ಕೆ ಒಳಗೆ ಬಗ್ಗತೊಡಗಿದವು.

ಪಂಚಮಿಗೆ ತವರಿಗೆ ಹೋದೆ. ಅವ್ವ ಊಟಕ್ಕೆ ಬಡಿಸಿ ಎದುರಿಗೇ ಕೂತಳು. ಅನ್ನ ಕಿರುಬೆರಳ ಕಡೆಯಿಂದ ಉದುರುತ್ತಿತ್ತು. ಊಟವಾದ ಮೇಲೆ ನನ್ನ ಕೈ ತೊಡೆಯ ಮೇಲಿಟ್ಟುಕೊಂಡು ಅದೂ ಇದೂ ಮಾತಾಡಿಸಿದಳು. ನಾನು ನಾದಿನಿಯ ಮದುವೆಯ ಊಟದ ಬಗ್ಗೆ ನಗುನಗುತ್ತ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳ ಕಣ್ಣಲ್ಲಿ ನೀರು. ಕೆಳಗೆ ನೋಡಿದರೆ ಅವಳು ತನ್ನ ಸೆರಗಿನ ಪಿನ್ನು ತೆಗೆದು ನನ್ನ ಕಿರುಬೆರಳಿಗೆ ಚುಚ್ಚಿ ನೋಡಿದ್ದಾಳೆ, ರಕ್ತದ ಹನಿ ನಿಂತಿದೆ, ನನಗೆ ಗೊತ್ತೇ ಆಗಿಲ್ಲ.

"ಎಂತಾ ಮಾಡ್ಕಂಡ್ಯೇ ಕೈಗೆ?" ಅಂದಳು. "ಚಿತ್ತಾರ ಬರೆಯೋ ಕೈನೇ ಇದು! ಮೂರು ತಿಂಗಳು ಎಂತ ಕಡಿತಿದ್ದೆ ನೀನು?"

ಎಲ್ಲ ಹೇಳಿದೆ. ಅವಳು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಮರುದಿನ ಬೆಳಗ್ಗೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಮೊದಲ ಬಸ್ಸಿಗೆ ನನ್ನನ್ನು ಹತ್ತಿಸಿ ತಾನೂ ಹತ್ತಿದಳು.

ಕೈ ನೋಡುವ ಡಾಕ್ಟರು ಒಂದು ಚೀಟಿ ಕೊಟ್ಟು, "ಹೆಬ್ಬೆರಳು ತೋರುಬೆರಳಲ್ಲಿ ಹಿಡ್ಕೊಳ್ಳಿ ಮೇಡಂ, ನಾನು ಎಳೀತೀನಿ, ಬಿಡ್ಬೇಡಿ" ಅಂದರು. ಎಡಗೈಯಲ್ಲಿ ಹಿಡಿದೆ, ಚೀಟಿ ಹರಿಯಿತೇ ಹೊರತು ಬಿಡಲಿಲ್ಲ. ಬಲಗೈಗೆ ಕೊಟ್ಟರು. ಹಲ್ಲು ಕಚ್ಚಿ ಹಿಡಿದೆ, ಹೆಬ್ಬೆರಳ ಗೆಣ್ಣು ಮಡಚಿ ಒತ್ತಿದೆ. ಅವರು ಎಳೆದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು. ಒಂದು ತುಂಡು ಕಾಗದ ಹಿಡಿಯಲಾರದ ಕೈ! ಅಲ್ಲೇ ಅತ್ತುಬಿಟ್ಟೆ.

ಮೊಣಕೈ ಹಿಂದಿನಿಂದ ಇಳಿದು ಮಣಿಕಟ್ಟು ದಾಟಿ ಕಿರುಬೆರಳಿಗೆ ಹೋಗುವ ನರವೊಂದಿದೆಯಂತೆ. ಮೊಣಕೈ ತಾಗಿದಾಗ ಜುಂ ಅನ್ನುತ್ತದಲ್ಲ, ಅದೇ. ಬೆರಳನ್ನು ಅಗಲಿಸುವುದು, ಕೂಡಿಸುವುದು, ಸಣ್ಣದನ್ನು ಬಿಗಿಯಾಗಿ ಹಿಡಿಯುವುದು ಅದರ ದಯೆ. ಗಾಜು ಅದನ್ನು ಕತ್ತರಿಸಿತ್ತು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ತುದಿ ಹುಡುಕಿ ಹೊಲೀತೀನಿ. ಆಮೇಲೆ ನರ ತಾನೇ ಬೆಳ್ಕೊಂಡು ಬೆರಳಿನ ತನಕ ಹೋಗ್ಬೇಕು. ದಿನಕ್ಕೆ ಒಂದು ರಾಗಿಕಾಳಿನಷ್ಟು, ಅದಕ್ಕೂ ಕಡಿಮೆ. ಆವತ್ತೇ ಬಂದಿದ್ರೆ ಚೆನ್ನಾಗಿತ್ತು. ಪೂರ್ತಿ ಬರತ್ತೆ ಅಂತ ನಾನು ಹೇಳಲ್ಲ."

"ಚಿತ್ತಾರ ಬರೀಬಹುದಾ ಸಾರ್?" ಅಂದೆ. ಅವರಿಗೆ ಅದೇನೆಂದೇ ತಿಳಿಯಲಿಲ್ಲ. ಅವ್ವ ನಡುವೆ ಬಾಯಿ ಹಾಕಿ, "ಅದನ್ನ ನಾವ್ ನೋಡ್ಕತೀವಿ. ನೀವು ಹೊಲೀರಿ" ಅಂದಳು. ಡಾಕ್ಟರು ನಕ್ಕುಬಿಟ್ಟರು.

ಹೊಲಿದರು. ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಶಿಕಾರಿಪುರಕ್ಕೆ ವಾಪಸಾದೆ. ವಿಷಯವೆಲ್ಲ ತಿಳಿದ ಮೇಲೆ ಅತ್ತೆಯ ದೊಡ್ಡ ಗಂಟಲು ಅಡಗಿಹೋಯಿತು. ನನ್ನ ತಲೆ ಬಾಚುವರು, ಸೆರಗು ಸರಿಮಾಡುವರು, ಮಾತಿಲ್ಲ. ಬಾಗಿಲಲ್ಲಿ "ಕೈ ತೋರ್ಸು" ಅನ್ನುವುದೂ ನಿಂತಿತು. ಬೈದರೆ ಜಗಳವಾದರೂ ಆಡಬಹುದಿತ್ತು, ಈ ಮೌನಕ್ಕೆ ಏನು ಮಾಡುವುದು?

ಮಹಾನವಮಿಯ ಮಧ್ಯಾಹ್ನ ಬುಟ್ಟಿಗೆ ಕೆಮ್ಮಣ್ಣು ಬಳಿದು ತಂದು ನನ್ನ ಮುಂದಿಟ್ಟರು. "ಎಡಗೈಲೇ ಬರಿ" ಅಂದರು.

"ಎಡಗೈಲಿ ಭೂಮಿತಾಯಿಗಾ? ಬೇಡ ಅತ್ತೆ. ಈ ವರ್ಷ ನೀವು ಬರೀರಿ. ನಾನು ಹೇಳ್ಕೊಡ್ತೀನಿ."

ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನಂದು ಬರಿಗೈ. ಈ ಕೈ ಬಸುರಿ ಬುಟ್ಟಿಗೆ ಮುಟ್ಟಬಾರ್ದು."

ನನಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಕೆಮ್ಮಣ್ಣು ಬಳಿಯೋವಾಗ ಬರಿಗೈ ನೆನಪಾಗ್ಲಿಲ್ವಾ? ಬುಟ್ಟಿ ತುಂಬೋ ಅಡುಗೆ ಮಾಡೋದು ಯಾವ ಕೈ? ಬಳೆ ಇರೋ ನನ್ನ ಕೈ ಸತ್ತು ಬಿದ್ದಿದೆ. ಬಳೆ ಇಲ್ಲದ ನಿಮ್ಮ ಕೈ ಗಟ್ಟಿಯಾಗಿದೆ. ಭೂಮಿತಾಯಿಗೆ ಯಾವ ಕೈ ಬೇಕು ಅಂತೀರಿ, ಹೇಳಿ ಮತ್ತೆ!"

ಅತ್ತೆ ಕುಸಿದು ಕೂತರು. ಅಷ್ಟು ದಿನ ಕಟ್ಟಿಟ್ಟ ಅಳು ಆಗ ಬಂತು. "ನನ್ ಕೈ ಬರಿದು ಮಾಡಿದ ದಿನ ಹದಿನಾರು ಮಂದಿ ಹೆಂಗಸ್ರು ಸುತ್ತ ನಿಂತಿದ್ರು. ಅವತ್ತಿಂದ ಯಾರ ಬರಿಗೈ ಕಂಡ್ರೂ ಎದಿ ಧಸಕ್ ಅಂತತಿ. ನಿಂಗ ಅದು ಬರಬಾರ್ದು ಅಂತ ತೊಡ್ಸಿದೆ. ತೊಡ್ಸಿ ನಿನ್ ಕೈನೇ ತಿಂದೆ."

"ನೀವೊಬ್ರೇ ತಿಂದಿಲ್ಲ. ಕೈ ಚಾಚಿದವಳು ನಾನು" ಅಂದೆ. ನಾನೂ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಕುಂಚವನ್ನು ಅವರ ಕೈಗೆ ತುರುಕಿದೆ.

ಅವರ ಮೊದಲ ಎಳೆ ನೋಡಿ ನನಗೆ ತಡೆಯಲಾಗಲಿಲ್ಲ. "ಅತ್ತೆ, ಇದು ಎಳೆ ಅಲ್ಲ, ಎರೆಹುಳ" ಅಂದೆ. ಅವರು ಒದ್ದೆಬಟ್ಟೆಗೆ ಕೈ ಹಾಕಿದರು. "ಒರೆಸೋ ಹಾಗಿಲ್ಲ, ನಮ್ಮವ್ವನ ಕಾನೂನು." "ನಿಮ್ಮವ್ವಂದು ಭಾಳ ಆತು" ಎಂದು ಗೊಣಗುತ್ತ ಮುಂದಕ್ಕೆ ಎಳೆದರು. ಬುಟ್ಟಿಯ ತುಂಬ ಎರೆಹುಳ ಹರಿದವು. ಆ ವರ್ಷ ನಮ್ಮ ಮನೆಯ ಬುಟ್ಟಿ ಹಾಗೆಯೇ ಗದ್ದೆಗೆ ಹೋಯಿತು. ದಾರಿಯಲ್ಲಿ ನಗುವವರು ನಕ್ಕರು. ಅತ್ತೆ ತಲೆಯೆತ್ತಲಿಲ್ಲ. ಮುಂದಿನ ವರ್ಷ ಈ ಬುಟ್ಟಿಯನ್ನು ನಾನೇ ಬರೆಯಬೇಕು, ಈ ಕೈಯಿಂದಲೇ ಬರೆಯಬೇಕು ಎಂದು ಗದ್ದೆಯ ಬದುವಿನ ಮೇಲೆ ನಿಂತು ಹಟ ತೊಟ್ಟೆ.

ಅಲ್ಲಿಂದ ರಾಗಿಕಾಳಿನ ಲೆಕ್ಕ. ಪಟ್ಟಿ ಬಿಚ್ಚಿದ ಮೇಲೆ ದಿನಾ ಬೆಳಗ್ಗೆ ಬೆರಳ ಸಂದಿಯಲ್ಲಿ ಕಾಗದ ಹಿಡಿಯುವುದು, ಅತ್ತೆ ಎಳೆಯುವುದು. ಸಂಜೆ ಬಟ್ಟೆಯ ಕ್ಲಿಪ್ಪು ಒತ್ತುವುದು, ರೊಟ್ಟಿ ಹಿಟ್ಟು ನಾದುವುದು. ತಿಂಗಳುಗಟ್ಟಲೆ ಏನೂ ಇಲ್ಲ. ಬೋರ್ಡಿನ ಮೇಲೆ ದೊಡ್ಡ ದೊಡ್ಡ ಅಕ್ಷರ ಬರೆದು ದಿನ ದೂಡಿದೆ. ಒಮ್ಮೆ ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಗ ಅಂಗೈಯ ಅಂಚಿಗೆ, ಕಿರುಬೆರಳ ಬುಡದಲ್ಲಿ, ಚುರ್ ಅಂದಿತು. ಇರುವೆ! "ಅತ್ತೆ, ಕಚ್ಚಿತು! ಕಚ್ಚಿತು!" ಎಂದು ಕಿರುಚಿದೆ. ಅವರು ಹಾವೆಂದು ದೊಣ್ಣೆ ಹಿಡಿದು ಓಡಿ ಬಂದರು. ಇರುವೆ ಎಂದು ತಿಳಿದ ಮೇಲೆ ದೊಣ್ಣೆ ಬಿಸಾಕಿ, "ಎಲ್ಲೈತಿ ಆ ಇರುವಿ, ನಮ್ಮವ್ವ? ಸಕ್ರಿ ಹಾಕ್ತೀನಿ" ಎಂದು ನೆಲ ಹುಡುಕಿದರು. ನಿಜವಾಗಿಯೂ ಸಕ್ಕರೆ ಹಾಕಿದರು.

ಮತ್ತೆ ಹುಣ್ಣಿಮೆ ಬಂತು. ನವಮಿಯ ದಿನ ಕುಂಚದ ಕಡ್ಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಬುಟ್ಟಿಯ ಮುಂದೆ ಕೂತೆ. ಮೊದಲ ಎಳೆ ಬುಡದಿಂದ ಅಂಚಿಗೆ. ಅರ್ಧಕ್ಕೆ ಬಂದಾಗ ಹೆಬ್ಬೆರಳು ಸೋತಿತು, ಕುಂಚ ಪಕ್ಕಕ್ಕೆ ವಾಲಿ ಎಳೆ ಸೊಟ್ಟಗಾಯಿತು. ಇಪ್ಪತ್ತು ವರ್ಷ ಬರೆದ ಕೈ! ಅವಮಾನದಿಂದ ಕಣ್ಣು ಕತ್ತಲೆ ಬಂತು. ಎಡಗೈ ತಾನಾಗಿ ಒದ್ದೆಬಟ್ಟೆಯ ಕಡೆ ಹೋಯಿತು. ಅತ್ತೆ ಪಟ್ಟನೆ ಆ ಕೈ ಹಿಡಿದರು.

"ಏ ಟೀಚರಮ್ಮ, ನಿಮ್ಮವ್ವನ ಕಾನೂನು ನನಗಷ್ಟೇ ಏನ? ತಪ್ಪಿದ್ದನ್ನೇ ಮುಂದಕ್ಕೆ ಎಳಿ."

ಎಳೆದೆ. ಮೊದಲು ಒಂದೇ ದಿನದಲ್ಲಿ ಬರೆಯುತ್ತಿದ್ದ ಬುಟ್ಟಿಗೆ ಐದು ದಿನ ಹಿಡಿಯಿತು. ನಾಲ್ಕು ಎಳೆ ಬರೆದು ಕೈ ಬಿಸಿನೀರಿಗೆ ಅದ್ದುವುದು, ಮತ್ತೆ ನಾಲ್ಕು ಎಳೆ. ಅತ್ತೆ ಪಕ್ಕದಲ್ಲಿ ನೀರು ಬದಲಿಸುತ್ತ ಕೂತರು. ಬುಡದ ಎಳೆಗಳು ನಡುಗಿವೆ, ನಡುವಿನವು ಸುಮಾರು. ಮೇಲಂಚಿನ ತೆನೆಗಳು, ನನ್ನ ಮಾತಲ್ಲ, ನೋಡಿದವರ ಮಾತು, ಮೊದಲಿಗಿಂತ ಚೆನ್ನಾಗಿವೆ. ಫೋಟೋ ತೆಗೆದು ಸೊರಬಕ್ಕೆ ಕಳಿಸಿದೆ. ಅವ್ವ ಫೋನ್ ಮಾಡಿ, "ಹೂಂ, ಎಳೆ ಎದ್ದಿಲ್ಲ" ಎಂದು ಇಟ್ಟುಬಿಟ್ಟಳು. ಜೀವನದಲ್ಲಿ ಎರಡನೇ ಸಲ.

ಹುಣ್ಣಿಮೆಯ ಬೆಳಗ್ಗೆ ನಮ್ಮನೆಯವರು ಬುಟ್ಟಿ ತಲೆಯ ಮೇಲೆ ಹೊತ್ತರು, ಹಿಂದೆ ನಾವಿಬ್ಬರು. ಕಾಲುವೆಯ ಹತ್ತಿರ ಪಕ್ಕದ ಗದ್ದೆಯ ಹೆಂಗಸು ಬುಟ್ಟಿಯ ಬುಡ ನೋಡಿ, "ಏನಬೇ, ಈ ವರ್ಷನೂ ನೀನ ಬರ್ದಿ ಏನ? ಸೊಟ್ಟ ಐತಲ್ಲ" ಎಂದು ಅತ್ತೆಯನ್ನು ಕೆಣಕಿದಳು. ಎರಡು ವರ್ಷದ ಹಿಂದಿನ ಗಂಟಲು ವಾಪಸು ಬಂತು. "ಕಣ್ಣು ತೊಳ್ಕಂಡ್ ನೋಡು! ನಂದು ಹುಟ್ಟಾ ಸೊಟ್ಟ. ಇದು ನಮ್ ಸೊಸಿ ಬರ್ದದ್ದು, ಸತ್ತ ಕೈನ ಎಬ್ಬಿಸ್ಕಂಡ್ ಬಂದು ಬರ್ದದ್ದು. ನಿಮ್ಮನ್ಯಾಗ ಐತೇನ ಇಂಥಾಕಿ?" ಕಾಲುವೆಯ ಆಚೆ ದಡಕ್ಕೂ ಕೇಳಿಸಿರಬೇಕು. ನಾನು ಕತ್ತು ನೆಟ್ಟಗೆ ಮಾಡಿಕೊಂಡು ನಡೆದೆ.

ಗದ್ದೆಯಲ್ಲಿ ಪೂಜೆ ಮುಗಿಯಿತು. ಭತ್ತದ ಬುಡದಲ್ಲಿ ಮಣ್ಣು ಬಗೆದು ಬಯಕೆಯ ತುತ್ತು ಹುಗಿದೆ. ಎದ್ದು ತಿರುಗುವಷ್ಟರಲ್ಲಿ ಹಿಂದೆ ದೊಪ್ಪ ಎಂದು ಸದ್ದು. ಇಬ್ಬನಿಗೆ ಒದ್ದೆಯಾದ ಬದುವಿನಿಂದ ಜಾರಿ ಅತ್ತೆ ಕೆಸರಿನಲ್ಲಿ ಕೂತಿದ್ದಾರೆ. ನನಗೆ ನಗು, ಅವರಿಗೂ ನಗು. ಕೈ ಚಾಚಿದೆ. ಚಾಚಿದ್ದು ಬಲಗೈ, ಯೋಚನೆ ಮಾಡಿ ಚಾಚಿದ್ದಲ್ಲ. ಅತ್ತೆಯ ನಗು ನಿಂತಿತು. "ಆ ಕೈ ಬ್ಯಾಡ, ನೋವಾತು. ಎಡಗೈ ಕೊಡು" ಅಂದರು.

"ಹಿಡಿತೀರೋ ಇಲ್ಲೋ?" ಎಂದು ಗದರಿ ನಾನೇ ಬಗ್ಗಿ ಅವರ ಮಣಿಕಟ್ಟು ಹಿಡಿದೆ. ನಮ್ಮತ್ತೆ ಹಗುರದ ಹೆಂಗಸಲ್ಲ. ಎಳೆದೆ, ಕೈ ನಡುಗಿತು, ಬಿಡಲಿಲ್ಲ. ಅವರು ಎದ್ದು ಬದುವಿನ ಮೇಲೆ ನಿಂತರು.

ಕೈ ಬಿಟ್ಟ ಮೇಲೆ ಅವರು ತಮ್ಮ ಮಣಿಕಟ್ಟನ್ನೇ ನೋಡುತ್ತ ನಿಂತರು. ಆ ಬರಿ ಕೈಯ ಸುತ್ತ, ಬಳೆ ತೊಡಿಸಿದ ಹಾಗೆ, ನನ್ನ ಬೆರಳುಗಳ ಕೆಸರು ಅಚ್ಚೊತ್ತಿತ್ತು. ಬೆರಳಿಟ್ಟು ಒಂದೊಂದಾಗಿ ಎಣಿಸಿದರು, ಜೋರಾಗಿ, ನಮಗಿಬ್ಬರಿಗೂ ಕೇಳುವ ಹಾಗೆ. ಐದೂ ಇದ್ದವು. ನಮ್ಮನೆಯವರು ಕಾಲುವೆಯಲ್ಲಿ ಕೈ ತೊಳೆದುಕೊಳ್ಳಲು ಕರೆದರೆ, "ನೀವು ತೊಳ್ಕರಿ, ನಂದು ಇರ್ಲಿ" ಎಂದು ಮನೆಯವರೆಗೂ ಹಾಗೆಯೇ ಬಂದರು.